ಜರ್ಮನಿಯ ಸಣ್ಣ ಬಟ್ಟೆ ಲೇಬಲ್‌ಗಳು: ನಿಮಗೆ ಗೊತ್ತಿರುವ ಹೆಸರು ಹೇಳಿ

ನೂಲುಹುಳ

ಜರ್ಮನಿಯ ಬಟ್ಟೆ ಅಂದ ತಕ್ಷಣ ನಮ್ಮವರು ಅಡಿಡಾಸ್, ಪೂಮಾ, ಹ್ಯೂಗೊ ಬಾಸ್ ಅನ್ನುತ್ತಾರೆ. ಸ್ವಲ್ಪ ಆಸಕ್ತಿ ಇರುವವರು ಹ್ಯಾಂಬರ್ಗ್‌ನ ಜಿಲ್ ಸ್ಯಾಂಡರ್ ಹೆಸರು ಸೇರಿಸುತ್ತಾರೆ. ಅಲ್ಲಿಗೆ ಮುಗಿಯಿತು. ಆದರೆ ಇಲ್ಲಿ ಇಬ್ಬರೇ ಸೇರಿ ನಡೆಸುವ, ತಮ್ಮದೇ ದುಡ್ಡಿನಲ್ಲಿ ನಿಂತಿರುವ ಲೇಬಲ್‌ಗಳು, ಅಂದರೆ ತಮ್ಮದೇ ಹೆಸರಿನಲ್ಲಿ ಬಟ್ಟೆ ಮಾಡುವ ಸಣ್ಣ ಕಂಪನಿಗಳು, ಎಷ್ಟೋ ಇವೆ, ಮತ್ತು ಅವರ ಕೆಲಸ ನೋಡಿದರೆ ಇಷ್ಟು ದಿನ ಇವರ ಬಗ್ಗೆ ಯಾರೂ ಯಾಕೆ ಹೇಳಲಿಲ್ಲ ಅನ್ನಿಸುತ್ತದೆ. ನಾನಿರುವುದು ಲೈಪ್ಸಿಗ್‌ನಲ್ಲಿ, ಬಟ್ಟೆ ಉದ್ಯಮದವನಲ್ಲ, ಬಟ್ಟೆ ಮೇಲೆ ಪ್ರೀತಿ ಇರುವವನು ಅಷ್ಟೆ.

ನಾನು ಹುಡುಕುವ ರೀತಿ ಹೇಳುತ್ತೇನೆ. ಫ್ಯಾಷನ್ ವೀಕ್ ಪಟ್ಟಿ ಹಿಡಿದು ಹೋಗುವುದಿಲ್ಲ. ಯಾವ ಊರಲ್ಲಿ ಯಾವ ಬಟ್ಟೆ ನೇಯುತ್ತಿದ್ದರು, ಯಾವ ಯಂತ್ರ ಇನ್ನೂ ಓಡುತ್ತಿದೆ ಅಂತ ಮೊದಲು ನೋಡುತ್ತೇನೆ. ಆಮೇಲೆ ಅದನ್ನು ಇವತ್ತು ಯಾರು ಬಳಸುತ್ತಿದ್ದಾರೆ ಅಂತ ಹುಡುಕುತ್ತೇನೆ. ಹೀಗೆ ಸಿಕ್ಕಿದ್ದು ಮೆರ್ಟ್ಸ್ ಬಿ. ಶ್ವಾನೆನ್. ದಕ್ಷಿಣ ಜರ್ಮನಿಯ ಶ್ವಾಬಿಯನ್ ಆಲ್ಬ್ ಬೆಟ್ಟಗಳ ಕಡೆ 1911ರಲ್ಲಿ ಶುರುವಾಗಿದ್ದ ಹೆಣಿಗೆ ಕಂಪನಿ ಅದು, ನಡುವೆ ಎಲ್ಲರೂ ಮರೆತುಬಿಟ್ಟಿದ್ದರು. ಪೀಟರ್ ಪ್ಲಾಟ್ನಿಕಿ ಅನ್ನುವ ಡಿಸೈನರ್‌ಗೆ ಬರ್ಲಿನ್‌ನ ಹಳೇ ಸಾಮಾನಿನ ಸಂತೆಯಲ್ಲಿ ಕೆಲಸಗಾರರ ಒಂದು ಹಳೆಯ ಶರ್ಟ್ ಸಿಕ್ಕಿತು. ಅದಕ್ಕೆ ಪಕ್ಕದ ಹೊಲಿಗೆಯೇ ಇರಲಿಲ್ಲ. ಅದನ್ನು ಹೆಣೆದ ಯಂತ್ರ ಎಲ್ಲಿದೆ ಅಂತ ಹುಡುಕಿಕೊಂಡು ಹೋಗಿ, ಹೆಂಡತಿ ಗಿಟ್ಟಾ ಜೊತೆ ಸೇರಿ 2011ರಲ್ಲಿ ಆ ಹೆಸರನ್ನೇ ಮತ್ತೆ ತೆರೆದರು. 2022ರಲ್ಲಿ ಒಂದು ಅಮೆರಿಕನ್ ಸರಣಿಯಲ್ಲಿ ಬಾಣಸಿಗನ ಪಾತ್ರ ಹಾಕಿಕೊಂಡ ಬಿಳಿ ಟೀ ಶರ್ಟ್ ಇವರದೇ. ಈಗ ಹೆಸರು ಎಲ್ಲ ಕಡೆ ಹರಡಿದೆ, ಆದರೂ ಕೆಲಸ ಬದಲಾಗಿಲ್ಲ.

ನಿಮಗೆ ಗೊತ್ತಿರುವುದು ಹೇಳಿ. ಪ್ರಸಿದ್ಧಿ ಮುಖ್ಯ ಅಲ್ಲ, ಬಟ್ಟೆ ಕೈಯಲ್ಲಿ ಹಿಡಿದು ನೋಡಿದವರ ಮಾತು ಬೇಕು.

ಕೋಟುಗುಂಡಿ

ಒಳ್ಳೆ ವಿಷಯ ತೆಗೆದಿರಿ. ನಾನು ಬರ್ಲಿನ್‌ನಲ್ಲಿದ್ದೇನೆ, ನನ್ನ ಮೊದಲ ಹೆಸರು ಫ್ರಾಂಕ್ ಲೇಡರ್. ನ್ಯೂರೆಂಬರ್ಗ್ ಕಡೆಯವರು, ಲಂಡನ್‌ನ ಸೆಂಟ್ರಲ್ ಸೇಂಟ್ ಮಾರ್ಟಿನ್ಸ್ ಕಲಾಶಾಲೆಯಲ್ಲಿ ಕಲಿತು ಬರ್ಲಿನ್‌ಗೆ ಬಂದರು. ಜರ್ಮನಿಯ ಹಳ್ಳಿ, ಕಾಡು, ಬೇಟೆಗಾರರು, ಬಡಗಿಗಳು, ಕಟುಕರು, ಇವರು ಹಾಕುತ್ತಿದ್ದ ಬಟ್ಟೆಯೇ ಅವರ ಮೂಲ. ಹಳೆಯ ಹಾಸಿಗೆ ಬಟ್ಟೆ, ದಪ್ಪ ಉಣ್ಣೆ, ಜಿಂಕೆ ಕೊಂಬಿನ ಗುಂಡಿ, ಮತ್ತೆ ಡಾಯ್ಚ್‌ಲೇಡರ್ ಅನ್ನುವ ಹತ್ತಿ ಬಟ್ಟೆ. ಇದು ಚರ್ಮ ಅಲ್ಲ, ತುಂಬಾ ಬಿಗಿಯಾಗಿ ನೇಯ್ದ ಹತ್ತಿ. ಬಡಗಿಗಳ ಪ್ಯಾಂಟಿಗೆ ಇದನ್ನು ಬಳಸುತ್ತಿದ್ದರು. ಸವೆಯಬೇಕಾದರೆ ವರ್ಷಗಟ್ಟಲೆ ಬೇಕು.

ಈ ಬಡಗಿಗಳ ವಿಷಯ ಹೇಳಲೇಬೇಕು. ಕೆಲಸ ಕಲಿತ ಹುಡುಗರು, ಈಗ ಹುಡುಗಿಯರೂ, ಮೂರು ವರ್ಷ ಒಂದು ದಿನ ಊರೂರು ತಿರುಗುತ್ತಾ ಕೆಲಸ ಮಾಡುವ ಪದ್ಧತಿ ಇನ್ನೂ ಇದೆ. ಅಷ್ಟು ದಿನ ತವರೂರಿನ 50 ಕಿಲೋಮೀಟರ್ ಒಳಗೆ ಕಾಲಿಡುವಂತಿಲ್ಲ. ಕಪ್ಪು ಕಾರ್ಡುರಾಯ್ ಬೆಲ್‌ಬಾಟಮ್ ಪ್ಯಾಂಟ್, ವೇಸ್ಟ್‌ಕೋಟಿಗೆ ಎಂಟು ಗುಂಡಿ, ತಲೆಗೆ ಅಗಲ ಟೋಪಿ. ರೈಲು ನಿಲ್ದಾಣದಲ್ಲಿ ಒಮ್ಮೆ ಅವರನ್ನು ನೋಡಿದರೆ ಮರೆಯುವುದಿಲ್ಲ. ಜರ್ಮನಿಯ ಗಂಡಸರ ಬಟ್ಟೆ ಅರ್ಥ ಆಗಬೇಕಾದರೆ ಷೋರೂಮಿಗಿಂತ ಮೊದಲು ಈ ಕೆಲಸದ ಬಟ್ಟೆ ನೋಡಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಲೇಡರ್ ಅವರಿಗೆ ಜಪಾನಿನಲ್ಲಿ ಅಭಿಮಾನಿಗಳು ಜಾಸ್ತಿ. ಇಲ್ಲಿನವರಿಗೇ ಎಷ್ಟೋ ಜನಕ್ಕೆ ಹೆಸರು ಗೊತ್ತಿಲ್ಲ, ಅದು ನನಗೆ ಬೇಜಾರಿನ ಸಂಗತಿ.

ಎರಡನೆಯದು ಬ್ಲೆಸ್. ಇನೆಸ್ ಕಾಗ್ ಬರ್ಲಿನ್‌ನಲ್ಲಿ, ಡೆಸಿರೆ ಹೈಸ್ ಪ್ಯಾರಿಸ್‌ನಲ್ಲಿ, ಇಬ್ಬರೂ ಸೇರಿ ತೊಂಬತ್ತರ ದಶಕದಿಂದ ನಡೆಸುತ್ತಿದ್ದಾರೆ. 1997ರಲ್ಲಿ ಬೆಲ್ಜಿಯಂನ ಡಿಸೈನರ್ ಮಾರ್ಟಿನ್ ಮಾರ್ಜೆಲಾ ಷೋಗೆ ತುಪ್ಪಳದ ವಿಗ್ ಮಾಡಿಕೊಟ್ಟಿದ್ದು ಇವರೇ. ಕಲೆಕ್ಷನ್‌ಗಳಿಗೆ ಬರೀ ನಂಬರ್. ಒಂದು ಸಲ ಬಟ್ಟೆ, ಇನ್ನೊಂದು ಸಲ ಕುರ್ಚಿ, ಮತ್ತೊಂದು ಸಲ ಮನೆಯ ವಿದ್ಯುತ್ ವೈರಿಗೆ ಹಾಕುವ ಆಭರಣ. ಇದು ಬಟ್ಟೆ ಕಂಪನಿಯೋ ಕಲೆಯೋ ಅಂತ ಕೇಳುವವರಿದ್ದಾರೆ. ಅವರ ಸ್ವೆಟರ್ ಒಂದನ್ನು ಹಾಕಿ ನೋಡಿ, ಬಟ್ಟೆ ಅನ್ನುವುದರಲ್ಲಿ ಸಂಶಯ ಉಳಿಯುವುದಿಲ್ಲ.

ದಾವಣಗೆರೆಯವ

ಓದಿದೆ, ಚೆನ್ನಾಗಿದೆ. ಆದರೆ ನೇರವಾಗಿ ಒಂದು ಪ್ರಶ್ನೆ. ಆ ಮೆರ್ಟ್ಸ್ ಟೀ ಶರ್ಟಿನ ಬೆಲೆ ನೋಡಿದೆ, 80 ಯುರೋಗೂ ಮೇಲೆ. ನಮ್ಮ ತಂದೆ ದಾವಣಗೆರೆಯ ಹತ್ತಿ ಗಿರಣಿಯಲ್ಲಿ ದುಡಿದವರು. ಊರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದ ಕಾಲ ಅದು. ಗಿರಣಿ ಮುಚ್ಚಿದಾಗ ಯಂತ್ರಗಳು ಗುಜರಿಗೆ ಹೋದವು. ಅದಕ್ಕೇ ಕೇಳುತ್ತಿದ್ದೇನೆ, ಬರೀ ಹತ್ತಿ ಬನಿಯನ್ ಬಟ್ಟೆಗೆ ಇಷ್ಟು ದುಡ್ಡು ಯಾಕೆ? ಹಳೇ ಯಂತ್ರ ಅನ್ನುವ ಕಥೆಗೆ ಕೊಡುವ ಬೆಲೆಯೋ, ಬಟ್ಟೆಗೇ ಕೊಡುವ ಬೆಲೆಯೋ?

ನೂಲುಹುಳ

@ದಾವಣಗೆರೆಯವ ಸರ್, ಕೇಳಬೇಕಾದ ಪ್ರಶ್ನೆಯೇ. ಗೊತ್ತಿರುವಷ್ಟು ಹೇಳುತ್ತೇನೆ.

ಈ ಹಳೆಯ ದುಂಡು ಹೆಣಿಗೆ ಯಂತ್ರ ಬಟ್ಟೆಯನ್ನು ಕೊಳವೆಯ ಹಾಗೆ ಹೆಣೆಯುತ್ತದೆ. ಎದೆ ಸುತ್ತಳತೆ ಎಷ್ಟಿದೆಯೋ ಅಷ್ಟೇ ಅಗಲದ ಕೊಳವೆ, ಅದಕ್ಕೇ ಪಕ್ಕದಲ್ಲಿ ಹೊಲಿಗೆ ಬೇಡ. ಅಂದರೆ ಪ್ರತಿ ಸೈಜಿಗೂ ಬೇರೆ ಯಂತ್ರ ಬೇಕು. ಸ್ಮಾಲ್‌ಗೆ ಒಂದು, ಮೀಡಿಯಂಗೆ ಇನ್ನೊಂದು. ಇವತ್ತಿನ ಯಂತ್ರಗಳು ನೂಲನ್ನು ಎಳೆದು ಹಿಡಿದು ಭರ್ರನೆ ಹೆಣೆಯುತ್ತವೆ. ಇದು ಹಾಗಲ್ಲ, ಹೆಣೆದ ಬಟ್ಟೆ ತನ್ನ ಭಾರಕ್ಕೆ ತಾನೇ ನಿಧಾನವಾಗಿ ಕೆಳಗಿಳಿಯುತ್ತದೆ. ನೂಲಿಗೆ ಎಳೆತ ಬೀಳುವುದಿಲ್ಲ. ಹಾಗಾಗಿ ಬಟ್ಟೆ ಮೆತ್ತಗೆ, ದಪ್ಪ, ಒಗೆದ ಮೇಲೂ ಓರೆಯಾಗಿ ತಿರುಚಿಕೊಳ್ಳುವುದಿಲ್ಲ. ಅಗ್ಗದ ಟೀ ಶರ್ಟಿನ ಪಕ್ಕದ ಹೊಲಿಗೆ ಕೆಲವು ಒಗೆತದ ನಂತರ ಹೊಟ್ಟೆ ಮೇಲೆ ಬಂದು ಕೂರುತ್ತದೆ ಅಲ್ವಾ, ಆ ಕಾಟ ಇಲ್ಲ. ಕಂಕುಳಲ್ಲಿ ಕೈ ಎತ್ತಿದಾಗ ಹಿಡಿಯದಂತೆ ಒಂದು ಸಣ್ಣ ತುಂಡು ಸೇರಿಸಿರುತ್ತಾರೆ.

ಇಂಥ ಯಂತ್ರಗಳನ್ನು ಈಗ ಯಾರೂ ಮಾಡುವುದಿಲ್ಲ. ಈ ಬೆಟ್ಟದ ಕಡೆ ಉಳಿದಿವೆ, ಜಪಾನಿನ ವಾಕಾಯಾಮಾದಲ್ಲಿ ಉಳಿದಿವೆ. ರಿಪೇರಿ ಗೊತ್ತಿರುವವರು ಕಡಿಮೆ. ಜರ್ಮನಿಯ ಕೂಲಿಯೂ ಸೇರುತ್ತದೆ. ನಿಮ್ಮ ತಂದೆಯವರಂಥ ಕುಶಲಿಗಳನ್ನು ಯಾರೋ ಕೆಲಸದಲ್ಲಿ ಇಟ್ಟುಕೊಂಡು ಸಂಬಳ ಕೊಡುತ್ತಿದ್ದಾರೆ ಅನ್ನುವುದೇ ಆ ಬೆಲೆಯಲ್ಲಿ ದೊಡ್ಡ ಪಾಲು. ನನ್ನ ಪ್ರಕಾರ ಅದು ಕಥೆಗೆ ಕೊಡುವ ದುಡ್ಡಲ್ಲ.

ನಾನಿರುವ ಊರಲ್ಲೂ 1884ರ ಒಂದು ದೊಡ್ಡ ನೂಲಿನ ಗಿರಣಿ ಇದೆ. ಒಂದು ಕಾಲಕ್ಕೆ ಯುರೋಪ್ ಖಂಡದ ಅತಿ ದೊಡ್ಡ ಗಿರಣಿಗಳಲ್ಲಿ ಒಂದು. ಈಗ ಅದರೊಳಗೆ ಚಿತ್ರ ಕಲಾವಿದರ ಸ್ಟುಡಿಯೋ, ಗ್ಯಾಲರಿ. ಕಟ್ಟಡ ಉಳಿಯಿತು, ಯಂತ್ರ ಹೋಯಿತು. ಆಲ್ಬ್ ಬೆಟ್ಟದಲ್ಲಿ ಯಂತ್ರವೂ ಉಳಿದಿದೆ, ಅದಕ್ಕೇ ನನಗೆ ಅಷ್ಟು ಖುಷಿ.

ದಾವಣಗೆರೆಯವ

ಸೈಜಿಗೊಂದು ಯಂತ್ರ ಅನ್ನುವುದು ಗೊತ್ತಿರಲಿಲ್ಲ. ತಂದೆಗೆ ಓದಿ ಹೇಳಿದೆ, ಅವರು ಸೂಜಿ ಯಾರು ಮಾಡಿಕೊಡುತ್ತಾರೆ ಅಂತ ಕೇಳಿದರು.

ಇಳಕಲ್ ಸೆರಗು

ನಾನು ಬರ್ಲಿನ್‌ನಲ್ಲಿ ಫ್ಯಾಷನ್ ಓದುತ್ತಿದ್ದೇನೆ. ಸಣ್ಣ ಲೇಬಲ್‌ಗಳು ಯಾಕೆ ಸಣ್ಣದಾಗಿಯೇ ಇವೆ, ಪ್ಯಾರಿಸ್, ಮಿಲಾನ್ ಥರ ಇಲ್ಲಿ ಯಾಕೆ ಬೆಳೆಯಲಿಲ್ಲ ಅಂತ ತುಂಬಾ ಜನ ಕೇಳುತ್ತಾರೆ. ಜರ್ಮನ್ನರಿಗೆ ಉಡುವುದು ಗೊತ್ತಿಲ್ಲ ಅಂತ ಸುಮ್ನೆ ಹೇಳಿಬಿಡುತ್ತಾರೆ. ಅದು ಸುಳ್ಳು.

ಬರ್ಲಿನ್ ಮಧ್ಯದಲ್ಲಿ ಹೌಸ್‌ಫೋಗ್ಟೈಪ್ಲಾಟ್ಸ್ ಅನ್ನುವ ಒಂದು ಚೌಕ ಇದೆ. ಯು2 ಮೆಟ್ರೋ ಅಲ್ಲಿ ನಿಲ್ಲುತ್ತದೆ. ಹತ್ತೊಂಬತ್ತನೇ ಶತಮಾನದಿಂದ ಅದು ಸಿದ್ಧ ಉಡುಪಿನ ದೊಡ್ಡ ಕೇಂದ್ರ. ಗೆರ್ಸನ್, ಮಾನ್‌ಹೈಮರ್ ಥರದ ಉಡುಪಿನ ಕಂಪನಿಗಳು ಅಲ್ಲಿ ಸುತ್ತಮುತ್ತ ಬೆಳೆದವು. ಹೊರದೇಶದಿಂದ ವ್ಯಾಪಾರಿಗಳು ಬಂದು ಕೊಳ್ಳುತ್ತಿದ್ದರು. ಆ ಕಂಪನಿಗಳಲ್ಲಿ ಹೆಚ್ಚಿನವು ಯಹೂದಿಗಳದು. 1933ರ ನಂತರ ನಾಜಿಗಳು ಅವನ್ನು ಕಸಿದುಕೊಂಡರು, ಮಾಲೀಕರನ್ನು ಓಡಿಸಿದರು, ಎಷ್ಟೋ ಜನರನ್ನು ಕೊಂದರು. ಕೆಲವೇ ವರ್ಷಗಳಲ್ಲಿ ಒಂದು ಇಡೀ ಉದ್ಯಮದ ಬುದ್ಧಿ, ಕೈಚಳಕ, ಸಂಪರ್ಕ ಎಲ್ಲ ಹೋಯಿತು. ಈಗ ಅಲ್ಲಿ ಎತ್ತರದ ಕನ್ನಡಿಗಳ ಸ್ಮಾರಕ ಇದೆ, ಮೆಟ್ರೋ ಮೆಟ್ಟಿಲುಗಳ ಮೇಲೆ ಕಂಪನಿಗಳ ಹೆಸರು ಬರೆದಿದ್ದಾರೆ. ಬರ್ಲಿನ್‌ಗೆ ಬಂದವರು ದಯವಿಟ್ಟು ಹೋಗಿ ಆ ಹೆಸರುಗಳನ್ನು ಓದಿ.

ಯುದ್ಧದ ನಂತರ ಪಶ್ಚಿಮ ಬರ್ಲಿನ್‌ನಲ್ಲಿ ಉಡುಪಿನ ಕೆಲಸ ಮತ್ತೆ ಚಿಗುರಿತ್ತು. 1961ರಲ್ಲಿ ಗೋಡೆ ಎದ್ದಿತು. ಪೂರ್ವದಿಂದ ಬರುತ್ತಿದ್ದ ಹೊಲಿಗೆಯ ಹೆಂಗಸರು ಬರುವುದು ಒಂದೇ ರಾತ್ರಿಯಲ್ಲಿ ನಿಂತಿತು. ವ್ಯಾಪಾರ ಡ್ಯೂಸೆಲ್‌ಡಾರ್ಫ್, ಮ್ಯೂನಿಕ್ ಕಡೆ ಹೋಯಿತು.

ಪೂರ್ವ ಜರ್ಮನಿಯ ಕಥೆ ಇನ್ನೂ ಕಡಿಮೆ ಜನಕ್ಕೆ ಗೊತ್ತು. ಅಂಗಡಿಯಲ್ಲಿ ಬೇಕಾದ ಬಟ್ಟೆ ಸಿಗುತ್ತಿರಲಿಲ್ಲ, ಹಾಗಾಗಿ ಮನೆಮನೆಯಲ್ಲಿ ಹೊಲಿಯುತ್ತಿದ್ದರು. 1956ರಿಂದ 1995ರವರೆಗೆ ಬಂದ ಸಿಬಿಲೆ ಅನ್ನುವ ಪತ್ರಿಕೆಯ ಫೋಟೋಗಳು ಇವತ್ತಿಗೂ ಕಣ್ಣು ಕೀಳಲಾಗದಂತೆ ಇವೆ. ಎಂಬತ್ತರ ದಶಕದಲ್ಲಿ ಪೂರ್ವ ಬರ್ಲಿನ್‌ನಲ್ಲಿ ಕೆಲವು ಗೆಳೆಯರ ಗುಂಪುಗಳು ಸರ್ಕಾರದ ಫ್ಯಾಷನ್ ವ್ಯವಸ್ಥೆಯ ಹೊರಗೆ ತಾವೇ ಷೋ ಮಾಡುತ್ತಿದ್ದವು. ಸ್ಟ್ರಾಬೆರಿ ತೋಟಕ್ಕೆ ಹೊದಿಸುವ ಪ್ಲಾಸ್ಟಿಕ್ ಹಾಳೆ, ಸ್ನಾನದ ಮನೆಯ ಪರದೆ, ಸಿಕ್ಕಿದ್ದರಲ್ಲೇ ಉಡುಪು. ಜರ್ಮನಿಯಲ್ಲಿ ಸ್ವತಂತ್ರ ಡಿಸೈನರ್ ಅಂದರೆ ನನಗೆ ಮೊದಲು ನೆನಪಾಗುವುದು ಅವರು.

ಚಳಿಕೋಟು

ಇಳಕಲ್ ಸೆರಗು ಅಕ್ಕ, ಇದನ್ನು ಎರಡು ಸಲ ಓದಿದೆ. ಥ್ಯಾಂಕ್ಸ್.

ನನ್ನದು ಸಣ್ಣ ಪ್ರಶ್ನೆ. ಇಲ್ಲಿ ಬಂದ ಹೆಸರುಗಳಲ್ಲಿ ಗಂಡಸರ ಬಟ್ಟೆ ಜಾಸ್ತಿ. ಹೆಂಗಸರಿಗೆ ಯಾವುದಿದೆ? ಸ್ಟುಟ್‌ಗಾರ್ಟ್‌ನಲ್ಲಿ ನನಗೆ ಸಿಗುವುದು ಮಾಲ್ ಬ್ರ್ಯಾಂಡ್‌ಗಳು ಮಾತ್ರ.

ಇಳಕಲ್ ಸೆರಗು

ಇವೆ, ಬೇಕಾದಷ್ಟಿವೆ. ನನಗೆ ತುಂಬಾ ಇಷ್ಟ ಲು ದ ಬೆತೊಲಿ. ಒದೆಲಿ ತೆಬುಲ್ ಅನ್ನುವ ಫ್ರೆಂಚ್ ಹೆಣ್ಣುಮಗಳು ಬರ್ಲಿನ್‌ನಲ್ಲಿ ಕೂತು ಮಾಡುತ್ತಾರೆ. ಹಳೆಯ ಲೇಸ್, ಹಳೆಯ ಒಳಉಡುಪು, ಮಣಿ, ಕ್ರೋಶಾ, ಎಲ್ಲ ಸೇರಿಸಿ ಕೈಯಿಂದ ಕಟ್ಟಿದ ಉಡುಪು. ಹತ್ತಿರದಿಂದ ನೋಡಿದರೆ ಒಂದೊಂದು ಗಂಟಿನಲ್ಲೂ ಎಷ್ಟು ಹೊತ್ತು ಕೂತಿರಬೇಕು ಅನ್ನಿಸುತ್ತದೆ. ಕೊಳ್ಳುವುದು ನಮ್ಮಂಥವರಿಗೆ ಕಷ್ಟ, ಆದರೆ ಕ್ರೋಶಾ ಗೊತ್ತಿರುವವರು ಫೋಟೋ ದೊಡ್ಡದು ಮಾಡಿ ನೋಡಲೇಬೇಕು.

ಎಸ್‌ಎಫ್‌1ಒಜಿ ಅಂತ ಇನ್ನೊಂದಿದೆ, ರೋಜಾ ಮಾರ್ಗಾ ಡಾಲ್ ಅವರದು. ಅಜ್ಜಿಯರ ಕಾಲದ ಲಿನನ್ ಹಾಸು, ಹಳೆಯ ಬಟ್ಟೆ ಹುಡುಕಿ ತಂದು ಕೋಟು, ಶರ್ಟು ಮಾಡುತ್ತಾರೆ. ಹಾಡರ್‌ಲುಂಪ್ ಕೂಡ ಬಳಸಿ ಬಿಟ್ಟ ಬಟ್ಟೆಯಿಂದಲೇ ಶುರು ಮಾಡಿದ ಬರ್ಲಿನ್ ಲೇಬಲ್. ವಿಲಿಯಂ ಫಾನ್ ಅವರ ತಂದೆ ತಾಯಿ ಹಾಂಗ್‌ಕಾಂಗ್‌ನವರು, ಇವರು ಹುಟ್ಟಿದ್ದು ಜರ್ಮನಿಯಲ್ಲೇ, 2015ರಿಂದ ಲೇಬಲ್ ಇದೆ. ಅವರ ಕೋಟುಗಳ ಕಟಿಂಗ್ ಅಗಲ, ಹಾಯಾಗಿರುತ್ತದೆ, ಒಳಗೆ ದಪ್ಪ ಸ್ವೆಟರ್ ಹಾಕಿದರೂ ಹಿಡಿಯುವುದಿಲ್ಲ. ಚಳಿಗೆ ಅದೇ ಬೇಕು ಅಲ್ವಾ?

ಒಟ್ಟೊಲಿಂಗರ್ ಹೆಸರು ಕೇಳಿರಬಹುದು. ಕ್ರಿಸ್ಟಾ ಬೋಶ್, ಕೊಸಿಮಾ ಗಾಡಿಯೆಂಟ್, ಇಬ್ಬರೂ ಸ್ವಿಸ್, ನೆಲೆ ಬರ್ಲಿನ್. ಮೊದಮೊದಲು ಬಟ್ಟೆಯ ಅಂಚನ್ನು ಸುಟ್ಟು ಬಿಡುತ್ತಿದ್ದರು, ಅದರಿಂದಲೇ ಹೆಸರಾಯಿತು.

ಪದ್ದಿ ಮೈಸೂರು

ಕ್ಷಮಿಸಿ, ಆದರೆ ಇದು ಜರ್ಮನ್ ಲೇಬಲ್‌ಗಳ ಚರ್ಚೆ ಅಲ್ವಾ? ಫ್ರೆಂಚ್ ಒಬ್ಬರು, ಸ್ವಿಸ್ ಇಬ್ಬರು, ಹಾಂಗ್‌ಕಾಂಗ್ ಮೂಲದವರು ಒಬ್ಬರು. ಹಾಗಾದರೆ ಜರ್ಮನ್ ಅಂದರೆ ಏನು?

ಕೋಟುಗುಂಡಿ

@ಪದ್ದಿ ಮೈಸೂರು, ಎಲ್ಲಿ ಕೂತು ಕೆಲಸ ಮಾಡುತ್ತಾರೋ ಆ ಊರಿನವರು. ನನಗೆ ಇದರಲ್ಲಿ ಗೊಂದಲವೇ ಇಲ್ಲ. ಜಿಎಂಬಿಎಚ್ ಅನ್ನುವ ಲೇಬಲ್ ನೋಡಿ. 2016ರಲ್ಲಿ ಬರ್ಲಿನ್‌ನಲ್ಲಿ ಶುರು ಮಾಡಿದವರು ಸೆರ್ಹಾತ್ ಇಶಿಕ್ ಮತ್ತು ಬೆಂಜಮಿನ್ ಅಲೆಕ್ಸಾಂಡರ್ ಹೂಸೆಬಿ. ಒಬ್ಬರು ಟರ್ಕಿಯಿಂದ ಬಂದ ಕುಟುಂಬದ ಜರ್ಮನ್, ಇನ್ನೊಬ್ಬರ ಮನೆತನ ನಾರ್ವೆ ಮತ್ತು ಪಾಕಿಸ್ತಾನದ್ದು. ಮೊದಲ ಕಲೆಕ್ಷನ್‌ಗೆ ಮಿಲಾನ್‌ನ ಒಂದು ಫ್ಯಾಕ್ಟರಿಯಲ್ಲಿ ಉಳಿದುಹೋಗಿದ್ದ ಬಟ್ಟೆ ಬಳಸಿದರು. ವಲಸೆ ಬಂದ ಅಪ್ಪಂದಿರು ಹಾಕುತ್ತಿದ್ದ ಜಾಕೆಟ್, ಕ್ಲಬ್‌ಗೆ ಹೋಗುವ ಹುಡುಗರ ಪ್ಯಾಂಟ್, ಎರಡೂ ಒಂದೇ ಕಡೆ ಬರುತ್ತವೆ. ಇಂದಿನ ಬರ್ಲಿನ್ ಬೀದಿಯಲ್ಲಿ ಕಾಣುವುದು ಇದೇ. ಇದನ್ನು ಜರ್ಮನ್ ಅಲ್ಲ ಅಂದರೆ ಆ ಬೀದಿಯನ್ನೇ ಜರ್ಮನ್ ಅಲ್ಲ ಅಂದ ಹಾಗೆ.

ಕೊಸ್ಟಾಸ್ ಮುರ್ಕುಡಿಸ್ ಗ್ರೀಕ್ ತಂದೆತಾಯಿಯ ಮಗ, ಹುಟ್ಟಿದ್ದು ಡ್ರೆಸ್ಡೆನ್‌ನಲ್ಲಿ. ಆಸ್ಟ್ರಿಯಾದ ಡಿಸೈನರ್ ಹೆಲ್ಮುಟ್ ಲಾಂಗ್ ಜೊತೆ ವರ್ಷಗಟ್ಟಲೆ ದುಡಿದು ಆಮೇಲೆ ತಮ್ಮದು ಮಾಡಿದರು. ಅವರ ಸಹೋದರ ಆಂಡ್ರಿಯಾಸ್ ಅವರ ಅಂಗಡಿ ಪೊಟ್ಸ್‌ಡಾಮರ್ ಸ್ಟ್ರಾಸೆಯಲ್ಲಿ, ಹಿಂದೆ ದಿನಪತ್ರಿಕೆ ಇದ್ದ ಕಟ್ಟಡದಲ್ಲಿದೆ. ಸುಮ್ನೆ ಹೋಗಿ ನೋಡಿ, ಮುಟ್ಟಿ ನೋಡಿ. ಕೊಳ್ಳಲೇಬೇಕು ಅಂತ ಯಾರೂ ಹಿಂದೆ ಬೀಳುವುದಿಲ್ಲ.

ಇದರ ಉಲ್ಟಾ ಕೂಡ ಇದೆ. ಸ್ಟೆಫಾನ್ ಶ್ನೈಡರ್ ಡ್ಯೂಯಿಸ್‌ಬರ್ಗ್‌ನವರು, ಆದರೆ ಕಲಿತಿದ್ದು, ಲೇಬಲ್ ಕಟ್ಟಿದ್ದು ಬೆಲ್ಜಿಯಂನ ಆಂಟ್‌ವರ್ಪ್‌ನಲ್ಲಿ. ಬಟ್ಟೆಯ ವಿನ್ಯಾಸವನ್ನೂ ತಾವೇ ಮಾಡಿ ನೇಯಿಸುತ್ತಾರೆ, ಬೇರೆಯವರ ಹತ್ತಿರ ಆ ಬಟ್ಟೆ ಸಿಗುವುದಿಲ್ಲ. ಲುಟ್ಸ್ ಹ್ಯೂಲೆ ರೆಮ್‌ಷೈಡ್‌ನವರು, ಮಾರ್ಜೆಲಾ ಹತ್ತಿರ ಕೆಲಸ ಮಾಡಿ 2000ದಲ್ಲಿ ಪ್ಯಾರಿಸ್‌ನಲ್ಲಿ ಲೇಬಲ್ ತೆರೆದರು. ಡೆನಿಮ್ ಜಾಕೆಟ್ ಸೊಂಟದವರೆಗೆ, ಅಲ್ಲಿಂದ ಕೆಳಗೆ ಸಂಜೆಯ ಉಡುಪು, ಹೀಗೆ ಎರಡು ಬಟ್ಟೆ ಕತ್ತರಿಸಿ ಒಂದು ಮಾಡುವುದರಲ್ಲಿ ಅವರಷ್ಟು ಚೆನ್ನಾಗಿ ಮಾಡುವವರು ಕಡಿಮೆ. ಇವರನ್ನೂ ನಾನು ಪಟ್ಟಿಯಲ್ಲಿ ಇಟ್ಟುಕೊಳ್ಳುತ್ತೇನೆ.

ಪದ್ದಿ ಮೈಸೂರು

ಸರಿ, ಒಪ್ಪಿದೆ. ಆದರೆ ಊರು ಬಿಟ್ಟು ಹೋದವರನ್ನೂ ಸೇರಿಸಿದರೆ ಪಟ್ಟಿಗೆ ಕೊನೆಯೇ ಇರುವುದಿಲ್ಲ. ನನ್ನ ಮತ ಅಲ್ಲೇ ಉಳಿದು ಮಾಡುವವರಿಗೆ. ಮ್ಯೂನಿಕ್‌ನ ಎ ಕೈಂಡ್ ಆಫ್ ಗೈಸ್ ಯಾರೂ ಹೇಳಲಿಲ್ಲವಲ್ಲ? 2009ರಿಂದ ಇದೆ, ಜರ್ಮನಿಯಲ್ಲೇ ಹೊಲಿಸಬೇಕು ಅನ್ನುವ ಹಟದಿಂದ ಶುರು ಮಾಡಿದವರು. ಆಕ್ರೊನಿಮ್ ಕೂಡ 1994ರಲ್ಲಿ ಮ್ಯೂನಿಕ್‌ನಲ್ಲೇ ಹುಟ್ಟಿದ್ದು, ಆಮೇಲೆ ಬರ್ಲಿನ್‌ಗೆ ಬಂತು. ಮಳೆ ಜಾಕೆಟ್‌ನಲ್ಲಿ ಅಷ್ಟೊಂದು ಯೋಚನೆ ಹಾಕಿದವರನ್ನು ನಾನು ನೋಡಿಲ್ಲ, ಬೆಲೆ ಮಾತ್ರ ಕೇಳಬೇಡಿ.

ಕಾಲಿಗೆ ಟ್ರಿಪ್ಪೆನ್. ಆಂಗೆಲಾ ಷ್ಪೀಟ್ ಮತ್ತು ಮಿಖಾಯೆಲ್ ಓಯ್ಲರ್ ತೊಂಬತ್ತರ ದಶಕದ ಶುರುವಿನಲ್ಲಿ ಮರದ ಅಟ್ಟೆಯ ಚಪ್ಪಲಿಯಿಂದ ಆರಂಭಿಸಿದರು. ಬರ್ಲಿನ್ ಉತ್ತರಕ್ಕಿರುವ ಜೆಡೆನಿಕ್ ಅನ್ನುವ ಊರಲ್ಲಿ ಕಾರ್ಖಾನೆ. ಅಟ್ಟೆ ಸವೆದರೆ ಬದಲಾಯಿಸಿ ಕೊಡುತ್ತಾರೆ. ಅಗಲ ಪಾದ ಇರುವವರು ಖಂಡಿತ ಹಾಕಿ ನೋಡಿ.

ಚಳಿಕೋಟು

ಕೊಳ್ಳುವುದರ ಬಗ್ಗೆ ಯಾರಾದರೂ ಬಿಡಿಸಿ ಹೇಳುತ್ತೀರಾ? ವಿದ್ಯಾರ್ಥಿಗಳೂ ಓದುತ್ತಿದ್ದಾರೆ, ಬೆಂಗಳೂರಿನಿಂದ ರಜೆಗೆ ಬರುವವರೂ ಇದ್ದಾರೆ.

ನೂಲುಹುಳ

ಹೊಸದಕ್ಕಿಂತ ಮೊದಲು ಹಳೆಯದು ನೋಡಿ. ಬಳಸಿದ ವಸ್ತು ಮಾರುವ ಆನ್‌ಲೈನ್ ತಾಣಗಳಾದ ಕ್ಲೈನ್‌ಆನ್‌ಸೈಗೆನ್, ವಿಂಟೆಡ್ ಎರಡರಲ್ಲೂ ಲೇಬಲ್ ಹೆಸರು ಹಾಕಿ ಹುಡುಕಾಟ ಉಳಿಸಿಡಿ. ಫ್ರಾಂಕ್ ಲೇಡರ್, ಸ್ಟೆಫಾನ್ ಶ್ನೈಡರ್ ಇಬ್ಬರದೂ ಆಗಾಗ ಬರುತ್ತವೆ, ಮಾರುವವರಿಗೇ ಬೆಲೆ ಗೊತ್ತಿರುವುದಿಲ್ಲ. ಫೋಟೋದಲ್ಲಿ ಒಳಭಾಗ, ಹೊಲಿಗೆ, ಕಂಕುಳು ತೋರಿಸಿ ಅಂತ ಕೇಳಿ.

ಸೈಜಿನ ಗುಟ್ಟು ಸುಲಭ. ಗಂಡಸರ ಜರ್ಮನ್ ಸೈಜ್ ಅಂದರೆ ಎದೆ ಸುತ್ತಳತೆಯ ಅರ್ಧ. ಎದೆ 100 ಸೆಂಟಿಮೀಟರ್ ಇದ್ದರೆ ಸೈಜ್ 50. ಹೆಂಗಸರಿಗೆ ಜರ್ಮನಿಯ 38 ಅಂದರೆ ಫ್ರಾನ್ಸಿನ 40. ಸಣ್ಣ ಲೇಬಲ್‌ನವರು ಕೆಲವೊಮ್ಮೆ ಫ್ರೆಂಚ್ ಅಥವಾ ಇಟಾಲಿಯನ್ ಸೈಜ್ ಹಾಕಿರುತ್ತಾರೆ, ಹಾಗಾಗಿ ಸೆಂಟಿಮೀಟರ್ ಕೇಳುವುದೇ ಒಳ್ಳೆಯದು.

ಇಲ್ಲಿ ಆನ್‌ಲೈನ್ ಅಂಗಡಿಯಲ್ಲಿ ಕೊಂಡರೆ 14 ದಿನದೊಳಗೆ ಕಾರಣ ಹೇಳದೆ ವಾಪಸ್ ಮಾಡುವ ಹಕ್ಕಿದೆ. ಖಾಸಗಿಯಾಗಿ ಮಾರುವವರಿಗೆ ಇದು ಅನ್ವಯಿಸುವುದಿಲ್ಲ, ನೆನಪಿರಲಿ.

ಭಾರತದಿಂದ ಪ್ರವಾಸಕ್ಕೆ ಬಂದವರು ಒಂದು ಅಂಗಡಿಯಲ್ಲಿ 50 ಯುರೋ ಮೀರಿ ಕೊಂಡರೆ ಟ್ಯಾಕ್ಸ್ ಫ್ರೀ ಫಾರ್ಮ್ ಕೇಳಿ. ಬೆಲೆಯೊಳಗೆ 19% ತೆರಿಗೆ ಸೇರಿರುತ್ತದೆ. ಕಮಿಷನ್ ಕಳೆದು ಒಂದಷ್ಟು ವಾಪಸ್ ಸಿಗುತ್ತದೆ. ಎಲ್ಲ ಸಣ್ಣ ಅಂಗಡಿಗಳೂ ಈ ಫಾರ್ಮ್ ಇಟ್ಟಿರುವುದಿಲ್ಲ, ದುಡ್ಡು ಕೊಡುವ ಮೊದಲೇ ಕೇಳಿ. ವಿಮಾನ ನಿಲ್ದಾಣದಲ್ಲಿ ಚೀಲ ಚೆಕ್-ಇನ್‌ಗೆ ಕೊಡುವ ಮೊದಲು ಕಸ್ಟಮ್ಸ್ ಮುದ್ರೆ ಹಾಕಿಸಬೇಕು. ಬಟ್ಟೆ ಬಳಸಿರಬಾರದು. ಇಲ್ಲೇ ವಾಸ ಮಾಡುವ ನಮ್ಮಂಥವರಿಗೆ ಈ ಸೌಲಭ್ಯ ಇಲ್ಲ.

ಇಳಕಲ್ ಸೆರಗು

ಒಂದು ಹೆಸರು ಬಿಟ್ಟುಹೋಗಬಾರದು. ಬಾಬಿ ಕೊಲಾಡೆ. ನೈಜೀರಿಯಾ ಮತ್ತು ಜರ್ಮನಿಯ ಮನೆತನ, ಬೆಳೆದಿದ್ದು ಉಗಾಂಡಾದಲ್ಲಿ, ಕಲಿತಿದ್ದು ಬರ್ಲಿನ್‌ನ ವೈಸೆನ್‌ಸೀ ಕಲಾಶಾಲೆಯಲ್ಲಿ. ಬರ್ಲಿನ್‌ನಲ್ಲಿ ಅವರ ಲೇಬಲ್‌ಗೆ ಒಳ್ಳೆ ಹೆಸರಿತ್ತು. ಅದನ್ನು ಬಿಟ್ಟು ಕಂಪಾಲಾಗೆ ಹೋದರು. ಯುರೋಪ್, ಅಮೆರಿಕದಲ್ಲಿ ದಾನ ಅಂತ ಕೊಟ್ಟ ಹಳೆಯ ಬಟ್ಟೆಗಳು ಮೂಟೆ ಮೂಟೆಯಾಗಿ ಉಗಾಂಡಾ ಮಾರುಕಟ್ಟೆಗೆ ಬಂದು ಬೀಳುತ್ತವೆ, ಅಲ್ಲಿನ ಹತ್ತಿ ಉದ್ಯಮ ಅದರ ಭಾರಕ್ಕೆ ಕುಸಿದಿದೆ. ಕೊಲಾಡೆ ಆ ಮೂಟೆ ಬಿಚ್ಚಿ, ಕತ್ತರಿಸಿ, ಹೊಸದಾಗಿ ಹೊಲಿದು, ಬಂದ ದೇಶಗಳಿಗೇ ಮತ್ತೆ ಮಾರುತ್ತಾರೆ. ಬುಜಿಗಾಹಿಲ್ ಅಂತ ಲೇಬಲ್ ಹೆಸರು. ಇಲ್ಲಿ ಬೀದಿ ಬದಿಯ ಬಟ್ಟೆ ಡಬ್ಬಿಗೆ ಹಾಕಿದ ಟೀ ಶರ್ಟ್ ಎಲ್ಲಿಗೆ ಹೋಗುತ್ತದೆ ಅಂತ ನಾನು ಕೇಳಲು ಶುರು ಮಾಡಿದ್ದು ಅವರ ಕೆಲಸ ನೋಡಿದ ಮೇಲೆ. ಪದ್ದಿಯವರ ನಿಯಮದ ಪ್ರಕಾರ ಇವರು ಊರು ಬಿಟ್ಟವರು. ಆದರೂ ನನಗೆ ಇವರು ಬೇಕು.

ಪದ್ದಿ ಮೈಸೂರು

ಇವರಿಗೆ ನನ್ನ ನಿಯಮ ಬೇಡ. ಸೇರಿಸಿ.

ದಾವಣಗೆರೆಯವ

ಬರುವ ಬೇಸಿಗೆಯಲ್ಲಿ ತಂದೆಯನ್ನು ಕರೆಸಿಕೊಳ್ಳುವ ಯೋಚನೆ ಇದೆ. ಆ ಹೆಣಿಗೆ ಯಂತ್ರ ಓಡುವುದನ್ನು ನೋಡಲು ಆಗುತ್ತದಾ? ಅಂಗಡಿ ಬೇಡ, ಯಂತ್ರ ಸಾಕು.

ನೂಲುಹುಳ

ಸರ್, ಖಂಡಿತ ಕರೆಸಿ. ಆಲ್ಬ್‌ಸ್ಟಾಟ್‌ನ ಟೈಲ್‌ಫಿಂಗನ್‌ನಲ್ಲಿ ಹೆಣಿಗೆಯ ಮ್ಯೂಸಿಯಂ ಇದೆ, ಮಾಷೆನ್‌ಮ್ಯೂಸಿಯಂ ಅಂತ ಹುಡುಕಿ. ಆ ಕಡೆಯ ಹಳೆಯ ಹೆಣಿಗೆ ಯಂತ್ರಗಳು ಅಲ್ಲಿವೆ. ಪೂರ್ವದ ಕಡೆ ಬಂದರೆ ಕೆಮ್ನಿಟ್ಸ್‌ನ ಕೈಗಾರಿಕಾ ಮ್ಯೂಸಿಯಂನಲ್ಲಿ ಜವಳಿ ಯಂತ್ರಗಳಿವೆ. ಪ್ಲೌಎನ್ ಊರಿನ ಲೇಸಿಗೆ 1900ರಲ್ಲಿ ಪ್ಯಾರಿಸ್ ಪ್ರದರ್ಶನದಲ್ಲಿ ದೊಡ್ಡ ಬಹುಮಾನ ಬಂದಿತ್ತು, ಅಲ್ಲಿ ಹಳೆಯ ಕಸೂತಿ ಯಂತ್ರ ಓಡಿಸಿ ತೋರಿಸುವ ಜಾಗ ಇದೆ. ಎಲ್ಲ ದಿನ ತೆರೆದಿರುವುದಿಲ್ಲ. ಮೊದಲೇ ಫೋನ್ ಮಾಡಿ, ಗಿರಣಿಯಲ್ಲಿ ದುಡಿದ ಹಿರಿಯರೊಬ್ಬರು ಬರುತ್ತಿದ್ದಾರೆ, ಯಂತ್ರ ಯಾವ ಹೊತ್ತಿಗೆ ಓಡಿಸುತ್ತೀರಿ ಅಂತ ಕೇಳಿ. ಸೂಜಿಯ ಪ್ರಶ್ನೆಯನ್ನು ಅಲ್ಲೇ ಕೇಳೋಣ. ಲೈಪ್ಸಿಗ್ ಕಡೆ ಬಂದರೆ ನಾನು ಜೊತೆಗೆ ಬರುತ್ತೇನೆ, ಭಾಷೆಯ ತೊಂದರೆ ಆಗುವುದಿಲ್ಲ.